ಸಿತ್ಲಾಲಿ ನಂಬಿ ಹೇಳಿದ ಮಾತು

ದೋಹಾದಲ್ಲಿ ಕನ್ನಡದವರು ಯಾರಾದರೂ "ಮೈಸೂರಲ್ಲಿ ಎಲ್ಲಿ?" ಎಂದು ಕೇಳಿದರೆ ರತ್ನಪ್ರಭಾ "ಕುವೆಂಪುನಗರ" ಅನ್ನುತ್ತಿದ್ದಳು. ಹದಿನೇಳು ವರ್ಷ ಹಾಗೇ ಅಂದು ಅಂದು ಆ ಸುಳ್ಳು ಅವಳ ಕಿವಿಗೇ ಸುಳ್ಳಿನಂತೆ ಕೇಳಿಸುತ್ತಿರಲಿಲ್ಲ. ಅವಳು ಹುಟ್ಟಿ ಬೆಳೆದದ್ದು ಅಶೋಕಪುರಂನಲ್ಲಿ. ಆ ಹೆಸರು ಹೇಳಿದರೆ ಮೈಸೂರು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ, ದಲಿತರ ಮಗಳು ಎಂದು ಅವರೇ ತಿಳಿದುಕೊಳ್ಳುತ್ತಾರೆ. ಅಪ್ಪ ಅಲ್ಲೇ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಏಪ್ರಿಲ್ ಹದಿನಾಲ್ಕು ಬಂತೆಂದರೆ ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಮೆರವಣಿಗೆಯ ಮುಂದಿನ ಸಾಲಿನಲ್ಲೇ ನಡೆಯುತ್ತಿದ್ದರು. ಯಾರಾದರೂ ಜಾತಿ ಕೇಳಿದರೆ ಕೇಳಿದವರೇ ಮುಖ ತಗ್ಗಿಸಬೇಕು, ಅಷ್ಟು ಗಟ್ಟಿಯಾಗಿ ಹೇಳುತ್ತಿದ್ದರು.

ಮಗಳಿಗೆ ಆ ಗಂಟಲು ಬರಲಿಲ್ಲ. ಕಾಲೇಜಿನಲ್ಲಿದ್ದಾಗ ಗೆಳತಿಯೊಬ್ಬಳ ಮನೆಯಲ್ಲಿ ಊಟ ಮಾಡಿ ಹೊರಟವಳು ಮರೆತ ಛತ್ರಿಗೆಂದು ತಿರುಗಿ ಹೋಗಿದ್ದಳು. ಅವಳು ಉಂಡ ತಟ್ಟೆಯನ್ನು ಗೆಳತಿಯ ತಾಯಿ ಹಿತ್ತಲಿನ ಕಲ್ಲಿನ ಮೇಲಿಟ್ಟು ದೂರದಿಂದ ನೀರು ಸುರಿಯುತ್ತಿದ್ದರು. ಛತ್ರಿ ಕೇಳದೆ ವಾಪಸು ಬಂದಳು. ಅವತ್ತಿನಿಂದ ಯಾರ ಮನೆಗೆ ಹೋದರೂ ಮೊದಲು ಅವಳ ಕಣ್ಣು ತನಗೆ ಕೊಟ್ಟ ತಟ್ಟೆಯ ಮೇಲೆ ಬೀಳುತ್ತಿತ್ತು.

ಗಂಡ ಲಕ್ಷ್ಮೀಪತಿ ನಂಜನಗೂಡಿನ ಕಡೆಯವನು, ಅವಳದೇ ಜನ. ರಾಸ್ ಲಫಾನ್‌ನ ಗ್ಯಾಸ್ ಸ್ಥಾವರದಲ್ಲಿ ಸೇಫ್ಟಿ ಆಫೀಸರ್. "ಕೇಳಿದ್ರೆ ಹೇಳಿಬಿಡೋಣ ಕಣೇ. ಇಲ್ಲಿ ಎಲ್ಲರೂ ಬಾಡಿಗೆ ಮನೇಲಿರೋರೇ, ಯಾರು ಯಾರನ್ನ ಹೊರಗೆ ಹಾಕ್ತಾರೆ?" ಅನ್ನುತ್ತಿದ್ದ. "ನಿಮಗೇನು, ನೀವಿರೋದು ಪೈಪುಗಳ ಜೊತೆ. ಜನರ ಜೊತೆ ಇರೋಳು ನಾನು," ಎಂದು ಅವಳು ಬಾಯಿ ಮುಚ್ಚಿಸುತ್ತಿದ್ದಳು. ಕನ್ನಡದವರ ಕೂಟಗಳಲ್ಲಿ ತಾನು ಸಸ್ಯಾಹಾರಿ ಎಂದು ಹೇಳಿಕೊಂಡಿದ್ದಳು. ಮನೆಯಲ್ಲಿ ಮಟನ್ ಸಾರು ಮಾಡುವ ದಿನ ಕಿಟಕಿ ಹಾಕಿ, ಫ್ಯಾನು ತಿರುಗಿಸಿ, ಬಾಗಿಲ ಬುಡಕ್ಕೆ ಟವೆಲ್ ಒತ್ತುತ್ತಿದ್ದಳು. ಹನ್ನೊಂದನೇ ಕ್ಲಾಸಿನ ಮಗಳು ಸಂಜನಾಗೆ ಇದು ಅಮ್ಮನ ಅತಿ ಶುಚಿ ಎಂದಷ್ಟೇ ಗೊತ್ತು. ಅವಳಿಗೆ ಜಾತಿಯ ವಿಷಯ ಯಾರೂ ಹೇಳಿರಲಿಲ್ಲ.

ರತ್ನಪ್ರಭಾ ಕೆಲಸ ಮಾಡುತ್ತಿದ್ದದ್ದು ವೆಸ್ಟ್ ಬೇ ಬಡಾವಣೆಯ ಗೋಪುರವೊಂದರ ಹತ್ತೊಂಬತ್ತನೇ ಮಹಡಿಯಲ್ಲಿ, ಪಾರ್ಕು, ಉದ್ಯಾನಗಳ ನಕ್ಷೆ ಮಾಡಿಕೊಡುವ ಕಂಪನಿಯಲ್ಲಿ. ನಕ್ಷೆಗಳು, ಪತ್ರಗಳು ಯಾವುದು ಎಲ್ಲಿದೆ, ಯಾವುದು ಹೊಸತು ಯಾವುದು ಹಳತು ಎಂದು ನೋಡಿಕೊಳ್ಳುವುದು ಅವಳ ಕೆಲಸ. ಅಲ್ಲಿಗೆ ಮೂರು ವರ್ಷದ ಹಿಂದೆ ಮೆಕ್ಸಿಕೋದಿಂದ ಸಿತ್ಲಾಲಿ ಬಂದಳು. ನಲವತ್ತು ದಾಟಿದ ಹೆಂಗಸು, ಗಿಡ್ಡ, ಕಂದು ಬಣ್ಣ, ಬೆನ್ನ ಮೇಲೆ ದಪ್ಪ ಜಡೆ. ಮರುಭೂಮಿಯಲ್ಲಿ ಯಾವ ಮರ ಬದುಕುತ್ತದೆ, ಯಾವುದು ಸಾಯುತ್ತದೆ ಎಂಬುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ತನ್ನ ಹೆಸರಿಗೆ ಅಜ್ಜಿಯರ ಭಾಷೆಯಲ್ಲಿ ನಕ್ಷತ್ರ ಎಂದರ್ಥ, ಸ್ಪೇನಿನವರು ಬರುವುದಕ್ಕೆ ಮುಂಚಿನಿಂದ ಆ ನೆಲದಲ್ಲಿದ್ದವರು ನಾವು, ನಮ್ಮಲ್ಲಿ ಬೇರೆ ರಕ್ತ ಬೆರೆತಿಲ್ಲ ಎಂದು ಎದೆಯುಬ್ಬಿಸಿ ಹೇಳುತ್ತಿದ್ದಳು.

ಅದನ್ನು ಅವಳು ಹೇಳುವಾಗಲೆಲ್ಲ ರತ್ನಪ್ರಭಾ ಬೆರಗಿನಿಂದ ನೋಡುತ್ತಿದ್ದಳು. ತುಳಿಸಿಕೊಂಡವರ ಮಗಳು ಎಂದು ಇಷ್ಟು ಖುಷಿಯಾಗಿ ಹೇಳಿಕೊಳ್ಳಬಹುದೆ?

ಮಧ್ಯಾಹ್ನದ ಊಟಕ್ಕೆ ಅವರ ಜೊತೆ ಮೂರನೆಯವಳು ನಜ್ಮಾ, ಉಪ್ಪಿನಂಗಡಿ ಕಡೆಯ ಬ್ಯಾರಿ ಹುಡುಗಿ. ಆಫೀಸಿನ ಸಾಮಾನು, ವೀಸಾ ಕಾಗದಗಳ ಉಸ್ತುವಾರಿ ಅವಳದು. ರತ್ನಪ್ರಭಾಳ ಚಪಾತಿ ಪಲ್ಯ, ಸಿತ್ಲಾಲಿಯ ಮೆಕ್ಕೆಜೋಳದ ರೊಟ್ಟಿ, ನಜ್ಮಾ ತಂದ ಮೀನು. ಮೂವರೂ ಖಾರ ತಿನ್ನುವವರಾದ್ದರಿಂದ ಡಬ್ಬಿಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಮನೆ ಬಿಟ್ಟರೆ ಇಲ್ಲಿ ಮಾತ್ರ ರತ್ನಪ್ರಭಾ ಮೀನು ತಿನ್ನುತ್ತಿದ್ದಳು.

ಆ ಆಗಸ್ಟಿನಲ್ಲಿ ರಜೆಗೆ ಹೋದಾಗ ಸಿತ್ಲಾಲಿಗೆ ಅವಳ ತಮ್ಮ ಹುಟ್ಟುಹಬ್ಬದ ಉಡುಗೊರೆಯಾಗಿ ವಂಶದ ಪರೀಕ್ಷೆಯೊಂದನ್ನು ಮಾಡಿಸಿದ್ದ. ಸಣ್ಣ ಕೊಳವೆಯಲ್ಲಿ ಎಂಜಲು ತುಂಬಿ ಕಳಿಸಿದರೆ ಪೂರ್ವಜರು ಯಾವ ಯಾವ ಕಡೆಯವರು ಎಂದು ತಿಳಿಸುತ್ತಾರೆ. ನೂರಕ್ಕೆ ನೂರು ಬರುತ್ತದೆ ನೋಡು ಎಂದು ಅವಳು ನಗುತ್ತಲೇ ಕಳಿಸಿದ್ದಳಂತೆ. ಫಲಿತಾಂಶ ಬಂದದ್ದು ಜನವರಿಯ ಮೊದಲ ವಾರದಲ್ಲಿ. ಆಗ ಗಾಜಾದ ಯುದ್ಧ ಶುರುವಾಗಿ ಮೂರು ತಿಂಗಳು. ದೋಹಾದ ಚಹಾ ಅಂಗಡಿ, ಆಸ್ಪತ್ರೆ, ಕ್ಷೌರದಂಗಡಿ, ಎಲ್ಲಿ ನೋಡಿದರೂ ಟೀವಿಯಲ್ಲಿ ಅದೇ. ಸತ್ತ ಮಕ್ಕಳನ್ನು ನೋಡಲಾರದೆ ಜನ ಮುಖ ತಿರುಗಿಸುತ್ತಿದ್ದರು.

ಆ ದಿನ ಸಿತ್ಲಾಲಿ ರತ್ನಪ್ರಭಾಳನ್ನು ಹಳೆಯ ನಕ್ಷೆಗಳಿಡುವ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ಇಬ್ಬರ ನಡುವೆ ಇಂಗ್ಲಿಷೇ ಮಾತು. ಅವತ್ತು ಅವಳಿಗೆ ಆ ಇಂಗ್ಲಿಷೂ ಬಾಯಿಗೆ ಬರುತ್ತಿರಲಿಲ್ಲ. ಫೋನು ತೆರೆದು ತೋರಿಸಿದಳು. ನೂರರಲ್ಲಿ ನಲವತ್ತೆಂಟು ಪಾಲು ಆ ನೆಲದ ಮೂಲದವರು, ಮಿಕ್ಕದ್ದರಲ್ಲಿ ಬಹುಪಾಲು ಸ್ಪೇನ್, ಪೋರ್ಚುಗಲ್. ಜೊತೆಗೆ ಒಂಬತ್ತು ಪಾಲು ಯಹೂದಿ.

"ನನ್ನ ಬದುಕಿಡೀ ಶಾಲೆಯ ಬಿಳಿ ಹುಡುಗಿಯರಿಗೆ 'ನೀವು ಕಳ್ಳರ ಮಕ್ಕಳು' ಅಂತ ಹೇಳಿದೋಳು ನಾನು. ಈಗ ನೋಡು, ಕಳ್ಳರು ನನ್ನ ಮನೆಯಲ್ಲೇ ಇದ್ದರು," ಎಂದಳು. ಆಮೇಲೆ ದನಿ ಇಳಿಸಿ, "ನನ್ನ ಅಜ್ಜಿ ಶುಕ್ರವಾರ ಸಂಜೆ ಮಡಕೆಯೊಳಗೆ ಮೇಣದ ಬತ್ತಿ ಹಚ್ಚಿಡುತ್ತಿದ್ದಳು, ಬೀದಿಗೆ ಬೆಳಕು ಕಾಣದ ಹಾಗೆ. ಯಾಕೆ ಅಂದರೆ, ನಮ್ಮ ಮನೆ ಪದ್ಧತಿ ಅನ್ನುತ್ತಿದ್ದಳು. ಅವಳಿಗೂ ಕಾರಣ ಗೊತ್ತಿರಲಿಲ್ಲ. ಯಹೂದಿಗಳು ಅಂತ ಗೊತ್ತಾದರೆ ಸುಡುತ್ತಿದ್ದ ಕಾಲವಂತೆ ಅದು. ಹೆದರಿಕೊಂಡು ಬಚ್ಚಿಟ್ಟರು, ಬಚ್ಚಿಟ್ಟು ಬಚ್ಚಿಟ್ಟು ಕೊನೆಗೆ ತಾವೇ ಮರೆತರು," ಎಂದು ಅತ್ತಳು.

ಬಚ್ಚಿಟ್ಟವರು ಮರೆತುಬಿಟ್ಟರು ಅನ್ನುವ ಮಾತು ನೇರ ಸಂಜನಾಳ ಮುಖವನ್ನು ತಂದು ರತ್ನಪ್ರಭಾಳ ಕಣ್ಣ ಮುಂದೆ ನಿಲ್ಲಿಸಿತು. "ನಾನೂ..." ಎಂದು ಶುರು ಮಾಡಿದಳು. ಸಿತ್ಲಾಲಿ ಕಣ್ಣೊರೆಸಿಕೊಂಡು ಕಾದಳು. "ನಾನೂ ಒಂದು ಸಲ ಇಂಥ ಟೆಸ್ಟ್ ಮಾಡಿಸ್ಕೋಬೇಕು," ಎಂದು ರತ್ನಪ್ರಭಾ ಮಾತು ತಿರುಗಿಸಿ ನಕ್ಕಳು.

"ಯಾರಿಗೂ ಹೇಳಬೇಡ. ನನ್ನ ಅಮ್ಮನಿಗೂ ಹೇಳಿಲ್ಲ. ಅದರಲ್ಲೂ ಇಲ್ಲಿ, ಈಗ."

"ನನ್ನ ಬಾಯಿಂದ ಹೊರಗೆ ಬರಲ್ಲ," ಎಂದು ರತ್ನಪ್ರಭಾ ಅವಳ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ಪ್ರಿಂಟರಿನ ಕಾಗದ ತೆಗೆದುಕೊಂಡು ಹೋಗಲು ನಜ್ಮಾ ಒಳಗೆ ಬಂದು, ಅಳುವವಳನ್ನು ಕಂಡು, "ಸಾರಿ" ಎಂದು ಸರಿದು ಹೋದಳು.

ಸಂಕ್ರಾಂತಿ ಕಳೆದ ಮೇಲಿನ ಶುಕ್ರವಾರ ಇಂಚರಾ ಅನ್ನುವ ಗೆಳತಿಯ ಮನೆಯಲ್ಲಿ ಎಳ್ಳು ಬೀರಲು ಹೆಂಗಸರೆಲ್ಲ ಸೇರಿದ್ದರು. ಇಂಚರಾಳ ಗಂಡ ಯತಿರಾಜ್ ರತ್ನಪ್ರಭಾಳ ಆಫೀಸಿನಲ್ಲೇ ಎಂಜಿನಿಯರ್. ಮಗನನ್ನು ನೋಡಲು ಬೆಂಗಳೂರಿನಿಂದ ಅವನ ತಾಯಿ ಬಂದಿದ್ದರು. ಲಕ್ಷಣವಾದ ಹಿರಿಯ ಹೆಂಗಸು, ಎಲ್ಲರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಪ್ರೀತಿಯಿಂದಲೇ ವಿಚಾರಿಸುತ್ತಿದ್ದರು. ರತ್ನಪ್ರಭಾಳ ಸರದಿ ಬಂತು.

"ಮೈಸೂರಲ್ಲಿ ಎಲ್ಲಮ್ಮಾ ನಿಮ್ಮ ತಾಯಿಮನೆ?"

"ಕುವೆಂಪುನಗರ."

"ಹೌದಾ! ನನ್ನ ತಮ್ಮನೂ ಅಲ್ಲೇ, ಮೂವತ್ತು ವರ್ಷದಿಂದ. ಕಾಂಪ್ಲೆಕ್ಸ್ ಹತ್ರಾನಾ? ಯಾವ ರಸ್ತೆ? ನಿಮ್ಮ ತಂದೆ ಹೆಸರು ಹೇಳಿ, ಅವನಿಗೆ ಗೊತ್ತಿರತ್ತೆ."

ರತ್ನಪ್ರಭಾ "ಆ ಕಡೆ, ಸ್ವಲ್ಪ ಮುಂದೆ," ಎಂದು ತಡವರಿಸಿದಳು.

"ಮನೆದೇವರು?"

"ನಂಜುಂಡೇಶ್ವರ."

"ಹಾಗಾದ್ರೆ ನೀವು ಯಾವ ಪೈಕಿ? ಕೇಳಿದೆ ಅಂತ ತಪ್ಪು ತಿಳೀಬೇಡಿ. ಹಳೇ ಕಾಲದೋಳು, ಅಭ್ಯಾಸ."

ಎಂಟು ಹೆಂಗಸರು ಮಾತು ನಿಲ್ಲಿಸಿ ಅವಳ ಕಡೆ ನೋಡಿದರು. ಅವರಿಗೂ ಹದಿನೇಳು ವರ್ಷದಿಂದ ಈ ಕುತೂಹಲ ಇತ್ತೆಂದು ಅವಳಿಗೆ ಆ ಕ್ಷಣ ಹೊಳೆಯಿತು. ಕೈಯಲ್ಲಿದ್ದ ಹೊಳೆಯುವ ಸ್ಟೀಲ್ ತಟ್ಟೆಯನ್ನು ನೋಡಿದಳು.

"ಅಯ್ಯೋ ಜಾತಿ ಕುಲ ಏನು ಕೇಳ್ತೀರಮ್ಮಾ," ಎಂದು ಅವಳು ದೊಡ್ಡದಾಗಿ ನಕ್ಕಳು. "ಯಾರು ಯಾರೋ ಆಗಿರ್ತಾರೆ. ನಮ್ಮ ಆಫೀಸಲ್ಲೇ ನೋಡಿ, ಮೆಕ್ಸಿಕೋದೋಳು ಒಬ್ಬಳಿದಾಳೆ. ನಾನು ಶುದ್ಧ ಕಾಡುಜನ, ನಾನು ಮೂಲನಿವಾಸಿ ಅಂತ ಮೂರು ವರ್ಷದಿಂದ ನಮ್ಮ ತಲೆ ತಿಂದಳು. ಟೆಸ್ಟ್ ಮಾಡಿಸಿದ್ರೆ ಅರ್ಧ ಸ್ಪೇನಿನೋಳು! ಅದೂ ಸಾಲದು ಅಂತ ಯಹೂದಿ ಬೇರೆ!"

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಯಹೂದಿಯಾ? ಇಲ್ಲೇನಾ? ಇಂಥ ಹೊತ್ತಲ್ಲೇನಾ? ರತ್ನಪ್ರಭಾ ಇನ್ನೂ ಹೇಳಿದಳು. ಎಂಜಲಿನ ಕೊಳವೆ, ಅಜ್ಜಿಯ ಮಡಕೆ, ಎಲ್ಲ ಹೇಳಿದಳು. ಸಿತ್ಲಾಲಿ ಮೂಗೊರೆಸಿಕೊಂಡು ಅತ್ತದ್ದನ್ನು ಅಭಿನಯಿಸಿಯೂ ತೋರಿಸಿದಳು. ಹಿರಿಯಮ್ಮ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು, ತಾವು ಕೇಳಿದ್ದನ್ನು ಮರೆತೇಬಿಟ್ಟರು. ರತ್ನಪ್ರಭಾಗೆ ಎಷ್ಟು ಹಗುರವಾಯಿತೆಂದರೆ ಎರಡು ಬಟ್ಟಲು ಪಾಯಸ ಕುಡಿದಳು. ಮನೆಗೆ ಹೋಗುವಾಗ ಮೆಟ್ರೋದಲ್ಲಿ ಎದುರಿನ ಗಾಜಿನಲ್ಲಿ ತನ್ನ ಮುಖ ಕಂಡಾಗಲೇ ತಾನೇನು ಮಾಡಿದೆನೆಂದು ಅವಳಿಗೆ ಅರಿವಾದದ್ದು. ಮುಂದಿನ ಎರಡು ಸ್ಟೇಷನ್ ತಲೆಯೆತ್ತಲಿಲ್ಲ.

ಐದೇ ದಿನ. ಬುಧವಾರ ಚಹಾದ ಹೊತ್ತಿನಲ್ಲಿ ಯತಿರಾಜ್ ಎಲ್ಲರೆದುರು ಸಿತ್ಲಾಲಿಗೆ ಯಹೂದಿಗಳು ವಂದಿಸುವ ಹಾಗೆ "ಶಾಲೋಮ್!" ಎಂದ. ಅವನಿಗೆ ಅದು ಬರೀ ತಮಾಷೆ. ಸಿತ್ಲಾಲಿ ಯಾರನ್ನೂ ನೋಡದೆ ತನ್ನ ಕಪ್ಪು ತೊಳೆದಿಟ್ಟು ಹೊರಟುಹೋದಳು.

ಅಲ್ಲಿಂದ ಮಾತು ಮೇಜಿನಿಂದ ಮೇಜಿಗೆ ಹರಿಯಿತು. ಮೂಲೆಯಲ್ಲಿ ಕೂರುವ ನಕ್ಷೆಗಾರನೊಬ್ಬ ಗಾಜಾದವನು, ಯುದ್ಧದಲ್ಲಿ ಅಕ್ಕನ ಸಂಸಾರವನ್ನೇ ಕಳೆದುಕೊಂಡವನು. ಅವನು ಏನೂ ಅನ್ನಲಿಲ್ಲ, ಎಂದಿನಂತೆ ಸಿತ್ಲಾಲಿಗೆ ಬೆಳಗಿನ ಸಲಾಂ ಹೇಳುವುದನ್ನೂ ಬಿಡಲಿಲ್ಲ. ಆದರೆ ಮ್ಯಾನೇಜರ್ ಅವನ ಹೆಸರನ್ನೇ ಮುಂದಿಟ್ಟು, ಅವನ ಮನಸ್ಸಿಗೆ ನೋವಾಗಬಾರದು, ಸದ್ಯಕ್ಕೆ ಗೊಂದಲ ಬೇಡ ಎಂದು, ಎರಡು ವರ್ಷ ಸಿತ್ಲಾಲಿಯೇ ಕಟ್ಟಿ ಬೆಳೆಸಿದ ಪಾರ್ಕಿನ ಕೆಲಸವನ್ನು ಯತಿರಾಜನಿಗೆ ಒಪ್ಪಿಸಿದ. ಆ ಬದಲಾವಣೆಯ ಪತ್ರವನ್ನು ಫೈಲಿಗೆ ಹಾಕಬೇಕಾದವಳು ರತ್ನಪ್ರಭಾ. ಸಿತ್ಲಾಲಿಯ ಹೆಸರಿದ್ದ ಕಡೆಯಲ್ಲೆಲ್ಲ ಅವಳೇ ಕೂತು ಹೆಸರು ಬದಲಿಸಿದಳು.

ಆ ಮಧ್ಯಾಹ್ನ ಸಿತ್ಲಾಲಿ ಅವಳ ಬಳಿಗೆ ಬಂದು ಮೆಲ್ಲಗೆ ಕೇಳಿದಳು. "ನಾನು ಹೇಳಿದ್ದು ನಿನಗೊಬ್ಬಳಿಗೇ. ಆದರೆ ಅವತ್ತು ನಜ್ಮಾ ಒಳಗೆ ಬಂದಳಲ್ಲ. ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಿರಬಹುದಾ?"

ನಿಜ ಹೇಳಲು ಅದಕ್ಕಿಂತ ಸರಿಯಾದ ಹೊತ್ತು ಬೇರೆ ಇರಲಿಲ್ಲ. ರತ್ನಪ್ರಭಾ ಕಂಪ್ಯೂಟರಿನ ಪರದೆಯ ಮೇಲಿನ ಕಣ್ಣು ತೆಗೆಯದೆ, "ಗೊತ್ತಿಲ್ಲ. ಇರಬಹುದು," ಎಂದಳು.

ಮರುದಿನದಿಂದ ಸಿತ್ಲಾಲಿ ಊಟಕ್ಕೆ ಬರುವುದನ್ನು ಬಿಟ್ಟಳು. ನಜ್ಮಾ ಎದುರಾದರೆ ದಾರಿ ಬದಲಿಸುತ್ತಿದ್ದಳು. ರತ್ನಪ್ರಭಾಳ ಜೊತೆ ಮಾತ್ರ ಮಾತಾಡುತ್ತಿದ್ದಳು, ಅದೂ ಮೊದಲಿಗಿಂತ ಹೆಚ್ಚು ಸಲಿಗೆಯಿಂದ. ಆ ಸಲಿಗೆ ರತ್ನಪ್ರಭಾಳನ್ನು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಪ್ರತಿ ಬೆಳಗ್ಗೆ ಲಿಫ್ಟಿನಲ್ಲಿ "ಇವತ್ತು ಹೇಳಿಬಿಡ್ತೀನಿ" ಎಂದುಕೊಳ್ಳುವಳು. ಹತ್ತೊಂಬತ್ತನೇ ಮಹಡಿ ಬರುವುದರೊಳಗೆ ಧೈರ್ಯ ಇಳಿದುಹೋಗಿರುತ್ತಿತ್ತು. ಹೀಗೆ ಮೂರು ವಾರ ಕಳೆಯಿತು.

ಕೊನೆಗೆ ನಜ್ಮಾಳೇ ಬಂದು ಎದುರಿಗೆ ಕೂತಳು. "ಅಕ್ಕಾ, ನಾನು ಎಂತ ಮಾಡಿದ್ದು ಅಂತ ನೀವಾದರೂ ಹೇಳಿ. ಅವಳು ನನ್ನ ಮುಖ ನೋಡುವುದಿಲ್ಲ. ನಾನೇ ಎಲ್ಲರಿಗೂ ಹೇಳಿದ್ದು ಅಂತ ಅವಳ ಮನಸ್ಸಿನಲ್ಲಿ ಉಂಟು. ನಾನು ಮುಸ್ಲಿಂ ಅಂತಲ್ಲವಾ ಸಂಶಯ? ಅವಳಿಗಾದರೆ ನಾವು ಹೊರಗಿನವರು. ನೀವು ನಮ್ಮ ಊರಿನ ಕಡೆಯವರು. ನಜ್ಮಾ ಅಂಥವಳಲ್ಲ ಅಂತ ನೀವು ಒಂದು ಮಾತು ಹೇಳಬಹುದಿತ್ತು."

ಅವಳ ಕಣ್ಣಲ್ಲಿ ನೀರಿತ್ತು. ರತ್ನಪ್ರಭಾ ಏನೋ ಕೆಲಸವಿದೆಯೆಂದು ಎದ್ದು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡಳು. ಹುಟ್ಟಿದ ಜಾತಿ ನೋಡಿ ತೀರ್ಪು ಕೊಡುವವರಿಗೆ ಹೆದರಿ ಹದಿನೇಳು ವರ್ಷ ಅಡಗಿದವಳು, ಹುಟ್ಟಿದ ಧರ್ಮ ನೋಡಿ ಹುಟ್ಟಿದ ಸಂಶಯಕ್ಕೆ ತಾನೇ ತಲೆಯಾಡಿಸಿದ್ದಳು. ಹಿತ್ತಲ ಕಲ್ಲಿನ ಮೇಲೆ ತಟ್ಟೆಯಿಟ್ಟ ಆ ತಾಯಿಗಿಂತ ತಾನು ಯಾವುದರಲ್ಲಿ ಮೇಲು ಎಂದು ಕೇಳಿಕೊಂಡಳು. ಅಪ್ಪ ಬದುಕಿಲ್ಲದ್ದೇ ಒಳ್ಳೆಯದಾಯಿತು ಅನ್ನಿಸಿತು. ಹಾಗನ್ನಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಸಂಜೆ ಲಕ್ಷ್ಮೀಪತಿ ಬಸ್ಸಿಳಿದು ಬಂದು ಬೂಟು ಬಿಚ್ಚುವ ಮೊದಲೇ ಅವನಿಗೆ ಎಲ್ಲ ಹೇಳಿದಳು. ಅವನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಹೇಳೋದಾದ್ರೆ ಪೂರ್ತಿ ಹೇಳು ರತ್ನಾ. ಏನು ಮಾಡಿದೆ ಅಂತ ಮಾತ್ರ ಹೇಳಿ ಯಾಕೆ ಮಾಡಿದೆ ಅನ್ನೋದನ್ನ ನುಂಗಿಕೊಂಡ್ರೆ, ಅದು ಇನ್ನೊಂದು ಸುಳ್ಳು," ಎಂದ.

ಶುಕ್ರವಾರ ಬೆಳಗ್ಗೆ ಹತ್ತು ಗಂಟೆಗೆ ಅವಳು ಅಲ್ ಸದ್ದ್‌ನಲ್ಲಿದ್ದ ಸಿತ್ಲಾಲಿಯ ಫ್ಲಾಟಿಗೆ ಹೋದಳು. ಸಿತ್ಲಾಲಿ ಖುಷಿಯಿಂದ ಬಾಗಿಲು ತೆರೆದು ಕಾಫಿಗೆ ನೀರಿಟ್ಟಳು. ರತ್ನಪ್ರಭಾ ಕೂರದೆ, ಅಡುಗೆಮನೆಯ ಬಾಗಿಲಲ್ಲೇ ನಿಂತು ಹೇಳಿದಳು.

"ನಜ್ಮಾ ಅಲ್ಲ. ನಾನು."

ಸಿತ್ಲಾಲಿ ಅರ್ಥವಾಗದೆ ನೋಡಿದಳು. ರತ್ನಪ್ರಭಾ ಎಳ್ಳು ಬೀರಿದ ದಿನದಿಂದ ಹಿಡಿದು "ಇರಬಹುದು" ಎಂದದ್ದರವರೆಗೆ ಒಂದೂ ಬಿಡದೆ ಹೇಳಿದಳು, ತಾನು ಅಭಿನಯಿಸಿ ತೋರಿಸಿದ್ದನ್ನೂ ಸೇರಿಸಿ. ನೀರು ಕುದಿದು ಉಕ್ಕಿತು. ಸಿತ್ಲಾಲಿ ಒಲೆ ಆರಿಸಿದಳು.

"ಯಾಕೆ?"

ಆಗ ರತ್ನಪ್ರಭಾ ದೋಹಾಕ್ಕೆ ಬಂದ ಮೇಲೆ ಮೊದಲ ಸಲ ಹೊರಗಿನವರೊಬ್ಬರಿಗೆ ಅಶೋಕಪುರಂ ಎಂಬ ಹೆಸರು ಹೇಳಿದಳು. ಆ ಹೆಸರಿಗೆ ಸಿತ್ಲಾಲಿಯ ಕಿವಿಯಲ್ಲಿ ಯಾವ ಅರ್ಥವೂ ಇರಲಿಲ್ಲ. ಆದ್ದರಿಂದ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಮುಟ್ಟಿಸಿಕೊಳ್ಳದ ಜಾತಿ ಅಂದರೇನು, ತಟ್ಟೆ, ಹಿತ್ತಲು, ಮುಚ್ಚಿದ ಕಿಟಕಿ, ಮಗಳಿಗೆ ಹೇಳದೆ ಬೆಳೆಸಿದ್ದು.

ಸಿತ್ಲಾಲಿ ಒಲೆಯ ಮೇಲಿದ್ದ ಪಾತ್ರೆಯ ನೀರನ್ನು ಸಿಂಕಿಗೆ ಸುರಿದಳು. "ನಿನ್ನ ಗುಟ್ಟು ಉಳಿಯಲಿ ಅಂತ ನನ್ನದನ್ನು ಅವರ ಮುಂದೆ ಎಸೆದೆ."

"ಹೌದು."

"ಅವತ್ತು ಆ ಕೋಣೆಯಲ್ಲೇ ಹೇಳಿದ್ದಿದ್ದರೆ ನಾನು ನಿನ್ನನ್ನು ತಬ್ಬಿಕೊಳ್ಳುತ್ತಿದ್ದೆ. ಇವತ್ತು ನನ್ನಿಂದ ಆಗಲ್ಲ." ಅವಳು ಬಾಗಿಲು ತೆರೆದು ಹಿಡಿದಳು. "ನಜ್ಮಾಳ ಹತ್ತಿರ ನಾನು ಕ್ಷಮೆ ಕೇಳಬೇಕು. ನಿನಗಿಂತ ಮೊದಲು ನಾನೇ ಕೇಳ್ತೀನಿ. ನೀನು ಭಾನುವಾರದವರೆಗೆ ಅವಳಿಗೆ ಫೋನ್ ಮಾಡಬೇಡ."

ಭಾನುವಾರ ರತ್ನಪ್ರಭಾ ಹೇಳಿದ್ದನ್ನೆಲ್ಲ ನಜ್ಮಾ ಕೇಳಿಸಿಕೊಂಡಳು. "ಅವಳು ಯಾಕೆ ಸಂಶಯಪಟ್ಟದ್ದು ಅಂತ ನನಗೆ ಗೊತ್ತಿತ್ತು ಅಕ್ಕ. ಅಂಥದ್ದು ಅಭ್ಯಾಸ ಉಂಟು. ನೀವು ಯಾಕೆ ಬಾಯಿ ಮುಚ್ಚಿ ಕೂತದ್ದು ಅಂತ ಮಾತ್ರ ತಿಳಿದಿರಲಿಲ್ಲ," ಎಂದು ಎದ್ದು ಹೋದಳು. ಅಕ್ಕ ಎಂದು ಕರೆಯುವುದನ್ನು ಬಿಡಲಿಲ್ಲ. ಆದರೆ ಆಮೇಲೆ ಎಂದೂ ತನ್ನ ಡಬ್ಬಿಯನ್ನು ಅವಳ ಕಡೆ ಸರಿಸಲಿಲ್ಲ.

ರತ್ನಪ್ರಭಾ ಮ್ಯಾನೇಜರನ ಬಳಿಗೂ ಹೋದಳು. ಈ ಮಾತು ಹಬ್ಬಿಸಿದವಳು ನಾನು, ಸಿತ್ಲಾಲಿಯದು ಏನೂ ತಪ್ಪಿಲ್ಲ, ಅವಳ ಕೆಲಸ ಅವಳಿಗೆ ಕೊಡಿ ಎಂದಳು. ಅವನು, "ಖಲಾಸ್, ಆಗಿಹೋದದ್ದು ಆಗಿಹೋಯಿತು," ಎಂದು ಕೈ ಬೀಸಿದ. ಕೆಲಸ ಮರಳಿ ಸಿಗಲಿಲ್ಲ. ಏಪ್ರಿಲ್ ಕೊನೆಗೆ ಸಿತ್ಲಾಲಿ ರಾಜೀನಾಮೆ ಕೊಟ್ಟು ಊರಿಗೆ ಹೊರಟಳು. ಬೀಳ್ಕೊಡುಗೆಯ ಊಟಕ್ಕೆ ನಜ್ಮಾಳನ್ನೂ ಗಾಜಾದ ನಕ್ಷೆಗಾರನನ್ನೂ ಕರೆದಿದ್ದಳು. ರತ್ನಪ್ರಭಾಳನ್ನು ಕರೆಯಲಿಲ್ಲ.

ಸಂಜನಾಗೆ ಹೇಳಿದ್ದು ಅದಕ್ಕೂ ಮುಂಚೆ, ಒಂದು ಶನಿವಾರ ತಿಂಡಿಯ ಹೊತ್ತಿನಲ್ಲಿ. ಹುಡುಗಿ ಮೊದಲು "ಅಷ್ಟೇನಾ? ಸೋ ವಾಟ್ ಅಮ್ಮಾ?" ಎಂದಳು. ಅಮ್ಮನ ಮುಖ ನೋಡಿ ತನ್ನ ಕೋಣೆಗೆ ಹೋದಳು. ಅರ್ಧ ಗಂಟೆಯ ಮೇಲೆ ಹೊರಗೆ ಬಂದು, "ತಾತ ಮೆರವಣಿಗೇಲಿ ಫ್ರಂಟ್ ಅಲ್ಲಿ ಹೋಗ್ತಿದ್ರು ಅಂದ್ಯಲ್ಲ, ಐ ನೆವರ್ ನ್ಯೂ ದಟ್. ನನ್ನ ತಾತ ಯಾರು ಅಂತಾನೇ ನಂಗೆ ಗೊತ್ತಿಲ್ವಲ್ಲ! ನಿಂಗೆ ನಾಚ್ಕೆ ಆಗಿದ್ದಕ್ಕೆ ನನ್ನ ತಾತನ್ನ ಯಾಕೆ ಕಿತ್ಕೊಂಡೆ?" ಎಂದು ಕೂಗಾಡಿ ಅತ್ತಳು. ಮಗಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಯುಗಾದಿಗೆ ಹೆಂಗಸರು ಮತ್ತೆ ಸೇರಿದಾಗ ಅವಳು ಹೋದಳು. ಹೋಗದೆ ಇರಬಹುದಿತ್ತು. ಒಬ್ಬಟ್ಟು ಬಡಿಸುವ ಮೊದಲೇ ಇಂಚರಾಳಿಗೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ನಿಮ್ಮ ಅತ್ತೆ ಅವತ್ತು ಒಂದು ಮಾತು ಕೇಳಿದ್ರು, ನಾನು ಉತ್ತರ ಕೊಡಲಿಲ್ಲ. ಅವರಿಗೆ ತಿಳಿಸಿಬಿಡಿ. ನಾವು ಅಶೋಕಪುರಂನವರು, ಆದಿ ಕರ್ನಾಟಕದವರು. ಇದನ್ನ ಮುಚ್ಚಿಡೋದಕ್ಕೆ ಅವತ್ತು ನಾನು ಒಬ್ಬ ಗೆಳತಿಯ ಮಾನ ಕಳೆದೆ."

ಅವಳ ದನಿ ಅಪ್ಪನ ದನಿಯಂತೆ ಗಟ್ಟಿಯಾಗೇನೂ ಬರಲಿಲ್ಲ. ಇಂಚರಾ "ಅಯ್ಯೋ ಬಿಡಿ, ಈಗೆಲ್ಲ ಅದನ್ನ ಯಾರು ನೋಡ್ತಾರೆ," ಎಂದು ಅವಸರದಲ್ಲಿ ಒಬ್ಬಟ್ಟು ಬಡಿಸಿದಳು. ಆದರೂ ಮುಂದಿನ ಎರಡು ಕೂಟಗಳಿಗೆ ಕರೆ ಬರಲಿಲ್ಲ. ಆಮೇಲೆ ಇಂಚರಾಳೇ ಫೋನ್ ಮಾಡಿ ಕರೆದಳು. ರತ್ನಪ್ರಭಾ ಕೆಲವಕ್ಕೆ ಹೋಗುತ್ತಾಳೆ, ಕೆಲವಕ್ಕೆ ಹೋಗುವುದಿಲ್ಲ.

ಸಿತ್ಲಾಲಿಗೆ ಅವಳು ಮೂರು ಸಲ ಇಮೇಲ್ ಬರೆದಳು, ಮಗಳಿಗೆ ಹೇಳಿದ್ದನ್ನೂ ತಿಳಿಸಿದಳು. ಡಿಸೆಂಬರಿನಲ್ಲಿ ಒಂದಕ್ಕೆ ಉತ್ತರ ಬಂತು, ಚಿಕ್ಕದು. ಅಮ್ಮನಿಗೆ ವಿಷಯ ತಿಳಿಸಿದ್ದಾಗಿ, ಅಮ್ಮ ಅತ್ತು ಆಮೇಲೆ ನೂರೆಂಟು ಪ್ರಶ್ನೆ ಕೇಳಿದ್ದಾಗಿ ಬರೆದಿದ್ದಳು. "ನನ್ನ ಕೋಪ ಇನ್ನೂ ಇಳಿದಿಲ್ಲ. ನಿನ್ನ ಮಗಳಿಗೆ ಹೇಳಿದ್ದು ಒಳ್ಳೆಯದಾಯಿತು," ಎಂದು ಮುಗಿಸಿದ್ದಳು.

ರತ್ನಪ್ರಭಾ ಅದನ್ನು ಆಫೀಸಿನ ಮೆಟ್ಟಿಲಿನಲ್ಲಿ ನಿಂತು ಎರಡು ಸಲ ಓದಿದಳು. ಕ್ಷಮೆ ಕೇಳಿ ಇನ್ನೊಂದು ಸಾಲು ಬರೆಯಲು ಕೈ ಹೋಯಿತು. ಇನ್ನೊಂದು ಕ್ಷಮೆಯ ಮಾತನ್ನು ಸಿತ್ಲಾಲಿ ತನ್ನಿಂದ ಬಯಸಿರಲಿಲ್ಲವಲ್ಲ ಎಂದುಕೊಂಡು ಫೋನು ಚೀಲಕ್ಕೆ ಹಾಕಿ ಕೆಲಸಕ್ಕೆ ಹೋದಳು.